ಪಿನ್‌ಬಾಲ್ ಯಂತ್ರದ ಸಲಕರಣೆಗಳು: ಗುಣನಿರ್ಣಯವನ್ನು ಕುರಿತು ಒಂದು ವಿವೇಚನೆ

ಬೆಲೆ ಬೇರೆ, ಮೌಲ್ಯ ಬೇರೆ ಎಂಬುದು ಅರ್ಥಶಾಸ್ತ್ರದ ತರಗತಿಗೆ ಕಾಲಿಟ್ಟ ವಿದ್ಯಾರ್ಥಿ ಕೇಳುವ ಮೊದಮೊದಲ ಮಾತುಗಳಲ್ಲೊಂದು. ನೀರಿಗೂ ವಜ್ರಕ್ಕೂ ಇರುವ ಅಂತರದ ಹಳೆಯ ಉದಾಹರಣೆಯನ್ನು ಹೇಳಿ ಅಧ್ಯಾಪಕರಾದ ನಾವು ಮುಂದಿನ ಪಾಠಕ್ಕೆ ಸಾಗಿಬಿಡುತ್ತೇವೆ. ಆದರೆ ಆ ಉದಾಹರಣೆಯಲ್ಲಿ ಒಂದು ಸಂಗತಿ ಮರೆಯಾಗಿ ನಿಂತಿದೆ. ನೀರಿನ ಗುಣವೂ ವಜ್ರದ ಗುಣವೂ ಕೊಳ್ಳುವವನಿಗೆ ಮೊದಲೇ ತಿಳಿದಿರುತ್ತವೆಂದು ಅದು ಭಾವಿಸಿಕೊಂಡಿದೆ. ಕೊಳ್ಳುವವನಿಗೆ ಗುಣವೇ ತಿಳಿಯದಿರುವಾಗ, ಮಾರುವವನಿಗೆ ಮಾತ್ರ ತಿಳಿದಿರುವಾಗ, ಅಥವಾ ಇಬ್ಬರಿಗೂ ಸರಿಯಾಗಿ ತಿಳಿಯದಿರುವಾಗ ಬೆಲೆ ಏನನ್ನು ಹೇಳುತ್ತದೆ? ಈ ಪ್ರಶ್ನೆಯನ್ನು ದೊಡ್ಡ ಪೇಟೆಯೊಂದರಲ್ಲಿ ಬೆನ್ನಟ್ಟಿದರೆ ದಾರಿ ತಪ್ಪುವ ಸಂಭವವೇ ಹೆಚ್ಚು. ಆದುದರಿಂದ ಚಿಕ್ಕದಾದ, ಎಲ್ಲೆಗಳು ಸ್ಪಷ್ಟವಾಗಿ ಕಾಣುವ ಒಂದು ಪೇಟೆಯನ್ನು ಆರಿಸಿಕೊಂಡಿದ್ದೇವೆ. ಅಮೆರಿಕದಲ್ಲಿ ಬೆಳೆದು ಪ್ರಸಿದ್ಧವಾದ ಪಿನ್‌ಬಾಲ್ ಎಂಬ ಆಟದ ಯಂತ್ರಕ್ಕಾಗಿ ಮಾರಾಟವಾಗುವ ಬಿಡಿಭಾಗಗಳ ಮತ್ತು ಅಲಂಕಾರ ಸಾಮಗ್ರಿಗಳ ಪೇಟೆಯೇ ಅದು. ಆಟದ ಸಾಮಾನಿಗೆ ಸಂಶೋಧನ ಸಂಚಿಕೆಯಲ್ಲಿ ಎಡೆಯೇ ಎಂದು ಹುಬ್ಬೇರಿಸುವವರು ಲೇಖನವನ್ನು ಕೊನೆಯವರೆಗೆ ಓದಿ ಆಮೇಲೆ ತೀರ್ಮಾನಿಸಬೇಕೆಂದು ಕೋರುತ್ತೇವೆ.

ಈ ಯಂತ್ರವನ್ನು ಕಣ್ಣಾರೆ ಕಾಣದ ವಾಚಕರಿಗಾಗಿ ಅದರ ರಚನೆಯನ್ನು ಸಂಕ್ಷೇಪವಾಗಿ ಹೇಳುವುದು ಅವಶ್ಯಕ. ನಾಲ್ಕು ಕಾಲುಗಳ ಮೇಲೆ ನಿಂತ ಉದ್ದನೆಯ ಮರದ ಪೆಟ್ಟಿಗೆ. ಅದರೊಳಗೆ ಆಟಗಾರನ ಕಡೆಗೆ ಇಳಿಜಾರಾಗಿ ಇರಿಸಿದ, ಬಣ್ಣದ ಚಿತ್ರಗಳುಳ್ಳ ಪ್ಲೈವುಡ್ ಹಲಗೆ. ಅದಕ್ಕೆ ಮೇಲೊಂದು ಗಾಜಿನ ಮುಚ್ಚಳ. ಪೆಟ್ಟಿಗೆಯ ಹಿಂತುದಿಯಲ್ಲಿ ಎದ್ದು ನಿಂತ, ಒಳಗಿನಿಂದ ಬೆಳಗುವ ಚಿತ್ರಫಲಕ. ಸ್ಪ್ರಿಂಗು ಕೂಡಿಸಿದ ದಂಡವನ್ನು ಎಳೆದು ಬಿಟ್ಟರೆ ಉಕ್ಕಿನ ಗುಂಡೊಂದು ಹಲಗೆಯ ಮೇಲ್ತುದಿಗೆ ಚಿಮ್ಮುತ್ತದೆ. ಅಲ್ಲಿಂದ ಕೆಳಕ್ಕೆ ಉರುಳುತ್ತ ಅದು ಗುರಿಗಳನ್ನೂ, ರಬ್ಬರಿನ ಬಳೆ ತೊಡಿಸಿದ ಗೂಟಗಳನ್ನೂ ತಾಕಿ ಅಂಕಗಳನ್ನು ಗಳಿಸಿಕೊಡುತ್ತದೆ. ಕೆಳಗಿನ ಕಂಡಿಯೊಳಕ್ಕೆ ಬಿದ್ದುಹೋಗದಂತೆ ಗುಂಡನ್ನು ಮತ್ತೆ ಮೇಲಕ್ಕೆ ಹೊಡೆಯಲು ಎರಡು ಪುಟ್ಟ ತೋಳುಗಳುಂಟು, ಇವನ್ನು ಫ್ಲಿಪ್ಪರುಗಳೆನ್ನುತ್ತಾರೆ. ಗುಂಡಿನ ವ್ಯಾಸ ಸುಮಾರು 27 ಮಿಲಿಮೀಟರ್, ತೂಕ ಸುಮಾರು 80 ಗ್ರಾಂ. ಈಚಿನ ಯಂತ್ರಗಳಲ್ಲಿ ಹಲಗೆಯ ಇಳಿಜಾರು ಸಾಮಾನ್ಯವಾಗಿ 6.5 ಡಿಗ್ರಿ. ಹಲಗೆಯ ಕೆಳಮೈಯನ್ನು ಎತ್ತಿ ನೋಡಿದರೆ ಬೇರೊಂದು ಲೋಕವೇ ಕಾಣುತ್ತದೆ. ವಿದ್ಯುತ್ ಸುರುಳಿಗಳು, ಸ್ವಿಚ್ಚುಗಳು, ನೂರಾರು ತಂತಿಗಳು, ಬಲ್ಬುಗಳ ಹಿಡಿಕೆಗಳು. ಮೇಲಿನದು ನೋಡುವವನದು, ಕೆಳಗಿನದು ರಿಪೇರಿ ಮಾಡುವವನದು. ನಮ್ಮ ವಿಷಯಕ್ಕೆ ಈ ಎರಡು ಮೈಗಳ ಭೇದ ಮುಖ್ಯವಾದುದು.

ಇತಿಹಾಸವನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಮಾಂಟೇಗ್ಯೂ ರೆಡ್‌ಗ್ರೇವ್ ಎಂಬಾತ ಸ್ಪ್ರಿಂಗ್ ದಂಡದ ಸುಧಾರಣೆಗೆ ಅಮೆರಿಕದ ಪೇಟೆಂಟನ್ನು ಪಡೆದುದು 1871ರಲ್ಲಿ. ಗಾಟ್ಲೀಬ್ ಸಂಸ್ಥೆಯ ‘ಬ್ಯಾಫಲ್ ಬಾಲ್’ 1931ರಲ್ಲಿ ಜನಪ್ರಿಯವಾಯಿತು. ಅದೇ ಸಂಸ್ಥೆಯ ‘ಹಂಪ್ಟಿ ಡಂಪ್ಟಿ’ 1947ರಲ್ಲಿ ಫ್ಲಿಪ್ಪರುಗಳನ್ನು ತಂದು, ಅದೃಷ್ಟದ ಆಟವೆಂದು ಹೆಸರಾಗಿದ್ದುದನ್ನು ಕೌಶಲದ ಆಟವನ್ನಾಗಿ ಮಾಡಿತು. ನ್ಯೂಯಾರ್ಕ್ ನಗರಸಭೆಯಾದರೊ 1942ರಲ್ಲಿ ಜಾರಿಯಾದ ನಿಷೇಧವನ್ನು 1976ರವರೆಗೂ ತೆರವುಗೊಳಿಸಲಿಲ್ಲ. 1992ರ ‘ದಿ ಆಡಮ್ಸ್ ಫ್ಯಾಮಿಲಿ’ ಯಂತ್ರ 20,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು. ಹೀಗಿದ್ದೂ ಆ ದಶಕ ಮುಗಿಯುವುದರೊಳಗೆ ಉದ್ಯಮ ಕುಸಿಯಿತು. ಬ್ಯಾಲಿ ಹೆಸರಿನ ಯಂತ್ರಗಳನ್ನೂ ತಯಾರಿಸುತ್ತಿದ್ದ ವಿಲಿಯಮ್ಸ್ ಸಂಸ್ಥೆ 1999ರಲ್ಲಿ ಪಿನ್‌ಬಾಲ್ ತಯಾರಿಕೆಯನ್ನೇ ನಿಲ್ಲಿಸಿತು.

ಈ ಕೊನೆಯ ಸಂಗತಿಯಿಂದ ನಮ್ಮ ಪ್ರಶ್ನೆ ಹುಟ್ಟುತ್ತದೆ. ತಯಾರಕನು ಅಂಗಡಿ ಮುಚ್ಚಿದ ಮೇಲೂ ಯಂತ್ರಗಳು ಉಳಿದವು. ಆಟದಂಗಡಿಗಳಲ್ಲಿ ನಾಣ್ಯ ನುಂಗುತ್ತಿದ್ದವುಗಳನ್ನು ಅಭಿಮಾನಿಗಳು ಕೊಂಡು ಮನೆಗೆ ಒಯ್ದರು. ಸವೆದ ಭಾಗಗಳಿಗೆ ಬದಲಿ ಬೇಕಾಯಿತು. ಸವೆಯದ ಯಂತ್ರಕ್ಕೂ ಒಡವೆ ತೊಡಿಸುವ ಆಸೆ ಹುಟ್ಟಿತು. ಸಣ್ಣಪುಟ್ಟ ಕಾರ್ಖಾನೆಗಳೂ ಮನೆಯಲ್ಲೇ ಕುಳಿತು ಮಾಡುವ ಕುಶಲಕರ್ಮಿಗಳೂ ಇವನ್ನು ಒದಗಿಸತೊಡಗಿದರು. ಮೂಲ ತಯಾರಕನ ಪರೀಕ್ಷೆಯಾಗಲಿ ಮುದ್ರೆಯಾಗಲಿ ಇಲ್ಲದ ಕಡೆ ಗುಣವನ್ನು ಅಳೆಯುವ ಹೊಣೆ ಕೊಳ್ಳುವವನ ಮೇಲೆಯೇ ಬಿತ್ತು. ಹಳೆಯ ಯಂತ್ರವಾದರೊ ಮತ್ತೆ ತಯಾರಾಗತಕ್ಕದ್ದಲ್ಲ. ಕೆಲವು ಹೆಸರಾಂತ ಮಾದರಿಗಳನ್ನು ಈಚೆಗೆ ಮರುನಿರ್ಮಿಸಿ ಮಾರುತ್ತಿರುವುದುಂಟಾದರೂ ಅವು ಹೊಸ ಯಂತ್ರಗಳೇ ಹೊರತು ಹಳೆಯವಲ್ಲ. ಐದು ಡಾಲರಿನ ಭಾಗವನ್ನು ಆರಿಸುವಲ್ಲಿ ತಪ್ಪಿದರೆ ನಷ್ಟ ಐದು ಡಾಲರಿಗೇ ನಿಲ್ಲುವುದೆಂಬ ಭರವಸೆ ಇಲ್ಲ.

ಗುಣವು ಕೊಳ್ಳುವವನಿಗೆ ಕಾಣದಿದ್ದಾಗ ಪೇಟೆ ಹೇಗೆ ಕೆಡುತ್ತದೆಂಬುದನ್ನು ಜಾರ್ಜ್ ಅಕರ್ಲಾಫ್ 1970ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಹಳೆಯ ಮೋಟಾರುಕಾರುಗಳ ನಿದರ್ಶನದಿಂದ ತೋರಿಸಿದರು. ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರ್ಪಡಿಸಲಾರದ ಗ್ರಾಹಕ ಎರಡಕ್ಕೂ ಸರಾಸರಿ ಬೆಲೆಯನ್ನಷ್ಟೇ ಕೊಡಲು ಒಪ್ಪುತ್ತಾನೆ. ಆ ಬೆಲೆಗೆ ಒಳ್ಳೆಯದನ್ನು ಮಾರುವವನಿಗೆ ಕಟ್ಟುವುದಿಲ್ಲ. ಅವನು ಪೇಟೆಯಿಂದ ಹಿಂದೆ ಸರಿಯುತ್ತಾನೆ, ಕೆಟ್ಟದ್ದು ಉಳಿಯುತ್ತದೆ. ಅದೇ ವರ್ಷ ಫಿಲಿಪ್ ನೆಲ್ಸನ್ ಸರಕುಗಳ ಗುಣಗಳನ್ನು ಎರಡಾಗಿ ವಿಂಗಡಿಸಿದರು: ಕೊಳ್ಳುವ ಮೊದಲೇ ನೋಡಿ ತಿಳಿಯತಕ್ಕವು ಒಂದು ಬಗೆ, ಕೊಂಡು ಬಳಸಿದ ಮೇಲೆಯೇ ತಿಳಿಯತಕ್ಕವು ಇನ್ನೊಂದು. ಬಳಸಿದ ಮೇಲೂ ಸುಲಭವಾಗಿ ತಿಳಿಯದ ಮೂರನೆಯ ಬಗೆಯನ್ನು ಮೈಕೇಲ್ ಡಾರ್ಬಿ ಮತ್ತು ಎಡಿ ಕಾರ್ನಿ 1973ರಲ್ಲಿ ಸೇರಿಸಿದರು. ಈ ಮೂರನ್ನು ಕ್ರಮವಾಗಿ ದೃಷ್ಟಗುಣ, ಅನುಭೂತಗುಣ, ವಿಶ್ವಾಸಗುಣ ಎಂದು ಕರೆಯೋಣ. ಪಿನ್‌ಬಾಲ್ ಸಲಕರಣೆಗಳಲ್ಲಿ ಈ ಮೂರೂ ಒಂದೇ ಪೆಟ್ಟಿಗೆಯೊಳಗೆ ದೊರೆಯುತ್ತವೆ. ಮೊದಲನೆಯದು ಹೆಚ್ಚಾಗಿ ಹಲಗೆಯ ಮೇಲ್ಮೈಯಲ್ಲಿರುತ್ತದೆ, ಮೂರನೆಯದು ಬಹುಮಟ್ಟಿಗೆ ಕೆಳಮೈಯಲ್ಲಿರುತ್ತದೆ. ಹಣವೂ ಹೊಗಳಿಕೆಯೂ ಸಲ್ಲುವುದು ಮಾತ್ರ ಮೇಲ್ಮೈಗೇ.

ಮೇಲ್ಮೈಯ ಅಲಂಕಾರಗಳನ್ನು ಬೇಗ ನೋಡಿ ಮುಗಿಸಬಹುದು. ಚಿತ್ರಫಲಕದ ತಲೆಯ ಮೇಲೆ ಕಿರೀಟದಂತೆ ಕೂರಿಸುವ ಬೊಂಬೆಗಳು, ಪೆಟ್ಟಿಗೆಯ ಒಳಗೋಡೆಗಳಿಗೆ ಹಚ್ಚುವ ಚಿತ್ರಪಟ್ಟಿಗಳು, ಬಣ್ಣದ ಕಾಲುಗಳು, ಸ್ಪ್ರಿಂಗ್ ದಂಡಕ್ಕೆ ಹಾಕುವ ವಿಚಿತ್ರಾಕಾರದ ಹಿಡಿಗಳು, ಹಲಗೆಯ ಮೇಲೆ ಅಲ್ಲಲ್ಲಿ ನಿಲ್ಲಿಸುವ ಪುತ್ಥಳಿಗಳು ಈ ಗುಂಪಿಗೆ ಸೇರುತ್ತವೆ. ಕಿರೀಟದ ಬೊಂಬೆಗೆ ನೂರಾರು ಡಾಲರು ಬೀಳುತ್ತದೆ. ಇವುಗಳ ಗುಣ ಕಣ್ಣಿಗೆ ಕಾಣುವಂಥದು. ಇಷ್ಟವಾದವನು ಕೊಳ್ಳುತ್ತಾನೆ, ಇಷ್ಟವಾಗದವನು ಬಿಡುತ್ತಾನೆ. ಪೇಟೆ ಇಲ್ಲಿ ಕೆಡುವುದಿಲ್ಲ, ಅರ್ಥಶಾಸ್ತ್ರಜ್ಞನಿಗೆ ಹೇಳಲು ಹೆಚ್ಚೇನೂ ಇಲ್ಲ. ರುಚಿಯ ಬಗೆಗೆ ನಮಗೂ ಅಭಿಪ್ರಾಯಗಳುಂಟು. ಅವನ್ನು ನಮ್ಮಲ್ಲೇ ಇಟ್ಟುಕೊಳ್ಳುತ್ತೇವೆ. ಒಂದನ್ನು ಮಾತ್ರ ಹೇಳಬೇಕು: ಪುತ್ಥಳಿ ಗುಂಡಿನ ಹಾದಿಗಾಗಲಿ ಆಟಗಾರನ ದೃಷ್ಟಿಗಾಗಲಿ ಅಡ್ಡ ಬಂದರೆ ಅದು ಅಲಂಕಾರವಾಗಿ ಉಳಿಯದೆ ವಿಘ್ನವಾಗುತ್ತದೆ.

ರಬ್ಬರಿನ ಬಳೆಗಳಿಗೆ ಬಂದೊಡನೆ ವಿಷಯ ಗಂಭೀರವಾಗುತ್ತದೆ. ಒಂದು ಯಂತ್ರಕ್ಕೆ ಬೇಕಾಗುವ ಪೂರ್ತಿ ಕಂತೆ ಅಲಂಕಾರಗಳಿಗೆ ಹೋಲಿಸಿದರೆ ಅಗ್ಗವಾದದ್ದು. ಆದರೆ ಗುಂಡಿನ ಗತಿಯನ್ನೆಲ್ಲ ನಿರ್ಣಯಿಸುವುದು ಇದೇ. ಕೇರಂ ಆಡಿದವರಿಗೆ ಹಲಗೆಯ ಅಂಚಿನ ಮರ ಚೆನ್ನಾಗಿ ಪುಟಿಯದಿದ್ದರೆ ಆಟವೇ ಕೆಡುತ್ತದೆಂಬುದು ತಿಳಿದದ್ದೇ. ಇಲ್ಲಿ ಅಂಥ ಅಂಚುಗಳು ಹತ್ತಾರು. ಸಾಂಪ್ರದಾಯಿಕವಾದ ಬಿಳಿಯ ಬಳೆ ಹೆಚ್ಚು ಪುಟಿಯುತ್ತದೆ. ಕಪ್ಪು ಬಳೆ ಕೊಳೆಯನ್ನು ತೋರದಿದ್ದರೂ ಪುಟಿತದಲ್ಲಿ ಕಡಮೆ. ಸಿಲಿಕೋನ್ ಮತ್ತು ಪಾಲಿಯುರೆಥೇನ್ ಬಳೆಗಳು ಈಚಿನವು. ರಬ್ಬರಿನಂತೆ ಪುಡಿಯುದುರಿಸಿ ಹಲಗೆಯನ್ನು ಹೊಲಸು ಮಾಡುವುದಿಲ್ಲ, ಹಲವು ಬಣ್ಣಗಳಲ್ಲಿ ದೊರೆಯುತ್ತವೆ. ಅವುಗಳ ಪುಟಿತವೂ ಹಿಡಿತವೂ ರಬ್ಬರಿನಂತಿಲ್ಲವೆಂಬ ದೂರು ಆಟಗಾರರಲ್ಲಿದೆ. ಹಾಗೆಯೇ ಅದನ್ನೇ ಮೆಚ್ಚುವವರೂ ಇದ್ದಾರೆ.

ಈ ವಿವಾದವನ್ನು ಮಾತಿನಿಂದ ತೀರಿಸುವುದಕ್ಕಿಂತ ಅಳತೆಯಿಂದ ತೀರಿಸುವುದು ಮೇಲು. ಬಳೆಯನ್ನು ಅದರ ಗೂಟಗಳ ನಡುವೆ ಯಂತ್ರದಲ್ಲಿ ಇರುವಷ್ಟೇ ಬಿಗಿಯಾಗಿ ತೊಡಿಸಿ, ಮೇಲಿನಿಂದ ಗೊತ್ತಾದ ಎತ್ತರದಿಂದ ಗುಂಡನ್ನು ಬಿಟ್ಟು, ಪುಟಿದ ಎತ್ತರವನ್ನು ಅಳೆಯತಕ್ಕದ್ದು. ಪುಟಿದ ಎತ್ತರವನ್ನು ಬಿಟ್ಟ ಎತ್ತರದಿಂದ ಭಾಗಿಸಿ ವರ್ಗಮೂಲ ತೆಗೆದರೆ ಪುಟಿತದ ಗುಣಾಂಕ ಬರುತ್ತದೆ. 50 ಸೆಂಟಿಮೀಟರಿನಿಂದ ಬಿಟ್ಟ ಗುಂಡು 32 ಸೆಂಟಿಮೀಟರಿಗೆ ಎದ್ದರೆ ಗುಣಾಂಕ 0.8, 18 ಸೆಂಟಿಮೀಟರಿಗೆ ಎದ್ದರೆ 0.6. ಈ ಸಂಖ್ಯೆಗಳು ಲೆಕ್ಕದ ನಿದರ್ಶನಕ್ಕಾಗಿ ಮಾತ್ರ. ಅಳತೆಪಟ್ಟಿಯೊಂದು ಸಾಕಾಗುವ ಈ ಪ್ರಯೋಗವನ್ನು ಯಾವ ಕಾಲೇಜಿನ ವಿದ್ಯಾರ್ಥಿಯೂ ಮಾಡಬಹುದು. ಅರ್ಥಶಾಸ್ತ್ರದವರು ಭೌತಶಾಸ್ತ್ರದ ಹೊಲಕ್ಕೆ ನುಗ್ಗಿದುದನ್ನು ಆ ವಿಭಾಗದ ಮಿತ್ರರು ಕ್ಷಮಿಸಬೇಕು. ಅನುಭೂತಗುಣವೊಂದು ಇಂಥ ಪರೀಕ್ಷೆಯಿಂದ ದೃಷ್ಟಗುಣವಾಗಿ ಮಾರ್ಪಡುತ್ತದೆಂಬುದನ್ನು ತೋರಿಸುವುದಷ್ಟೇ ನಮ್ಮ ಉದ್ದೇಶ. ಮಾರುವವರೆಲ್ಲರೂ ಬಳೆಯ ಗಡಸುತನವನ್ನು ಶೋರ್ ಮಾಪಕದ ಅಂಕಿಯಲ್ಲಿ ಮುದ್ರಿಸಿದರೆ ‘ಅತ್ಯುತ್ತಮ’, ‘ವೃತ್ತಿಪರ’ ಮೊದಲಾದ ವಿಶೇಷಣಗಳಿಗೆ ಕೆಲಸವಿರುತ್ತಿರಲಿಲ್ಲ.

ಇದಕ್ಕಿಂತಲೂ ಅಗ್ಗವಾದುದು ಕಾಲಿನ ತಳದಲ್ಲಿರುವ ಎತ್ತರ ಸರಿಪಡಿಸುವ ತಿರುಪು. ಅದನ್ನು ತಿರುಗಿಸಿ ಇಳಿಜಾರನ್ನು 6.5 ಡಿಗ್ರಿಯಿಂದ 7 ಡಿಗ್ರಿಗೆ ಏರಿಸಿದರೆ ಗುಂಡನ್ನು ಕೆಳಕ್ಕೆಳೆಯುವ ಬಲ ನೂರಕ್ಕೆ 7ರಿಂದ 8ರಷ್ಟು ಹೆಚ್ಚುತ್ತದೆ. ಅರ್ಧ ಡಿಗ್ರಿಯ ಈ ವ್ಯತ್ಯಾಸವನ್ನು ಪಳಗಿದ ಆಟಗಾರ ಗುರುತಿಸುತ್ತಾನೆ. ಯಂತ್ರ ‘ಮಂದವಾಗಿದೆ’ ಎಂದು ಹೊಸ ಸುರುಳಿಗಳನ್ನು ಕೊಳ್ಳುವವನು ಮೊದಲು ಮಟ್ಟಗೋಲನ್ನು ಇಟ್ಟು ನೋಡುವುದು ಒಳ್ಳೆಯದು.

ಸುರುಳಿಗಳ ಮಾತು ಬಂದುದರಿಂದ ಅವುಗಳಲ್ಲಿರುವ ಒಂದು ಸ್ವಾರಸ್ಯವನ್ನು ಹೇಳಬೇಕು. ವಿಲಿಯಮ್ಸ್ ಯಂತ್ರಗಳ ಎಷ್ಟೋ ಸುರುಳಿಗಳ ಹೆಸರಿನಲ್ಲಿಯೇ ಅವುಗಳ ಲಕ್ಷಣ ಅಡಗಿದೆ. ‘23-800’ ಎಂದಿದ್ದರೆ 23ನೆಯ ಗೇಜಿನ ತಂತಿ, 800 ಸುತ್ತು. ಸುತ್ತು ಕಡಮೆಯಾದರೆ ತಂತಿಯ ರೋಧ ಕಡಮೆಯಾಗಿ ಹೆಚ್ಚು ವಿದ್ಯುತ್ತು ಹರಿಯುತ್ತದೆ, ಏಟು ಬಲವಾಗುತ್ತದೆ, ಜೊತೆಗೆ ಶಾಖವೂ ಏರುತ್ತದೆ. ಹೀಗೆ ಗುಣವನ್ನು ಹೆಸರಿನಲ್ಲಿಯೇ ಸಾರುವ ಸರಕು ಅಪರೂಪ. ಅಕರ್ಲಾಫರ ಕೆಟ್ಟ ಪೇಟೆಗೆ ಇದು ನೇರವಾದ ಮದ್ದು. ಆದರೂ ‘ಹೆಚ್ಚು ಶಕ್ತಿ’ಯ ಆಸೆಗೆ ಬಿದ್ದು ಯಂತ್ರಕ್ಕೆ ಹೇಳದ ಸುರುಳಿಯನ್ನು ಕೂಡಿಸುವವರಿದ್ದಾರೆ. ಅದನ್ನು ಚಾಲನೆ ಮಾಡುವ ಟ್ರಾನ್ಸಿಸ್ಟರು ಆ ಹೊರೆಗಾಗಿ ಆರಿಸಿದುದಲ್ಲ. ಗುರಿಗಳೂ ಪ್ಲಾಸ್ಟಿಕ್ಕಿನ ಕಮಾನುಗಳೂ ಆ ಏಟಿಗಾಗಿ ಮಾಡಿದವಲ್ಲ. ಫ್ಲಿಪ್ಪರು ದುರ್ಬಲವಾದಾಗ ಅನೇಕ ವೇಳೆ ಬದಲಿಸಬೇಕಾದುದು ಸುರುಳಿಯನ್ನೇ ಅಲ್ಲ, ಅದರೊಳಗೆ ಕಬ್ಬಿಣದ ದಂಡ ಜಾರಾಡುವ ನೈಲಾನ್ ಕೊಳವೆಯನ್ನು. ಇದರ ಬೆಲೆ ಅತ್ಯಲ್ಪ. ತೋಳು ಮೇಲೆದ್ದ ಕೊನೆಯಲ್ಲಿ ಬಲವಾದ ಸುತ್ತಿನಿಂದ ಹಿಡಿತದ ಸುತ್ತಿಗೆ ವಿದ್ಯುತ್ತನ್ನು ತಿರುಗಿಸುವ ಸ್ವಿಚ್ಚನ್ನೂ ಪರೀಕ್ಷಿಸಬೇಕು. ಹಳೆಯ ಯಂತ್ರಗಳಲ್ಲಿ ಈ ಸ್ವಿಚ್ಚು ತೆರೆದುಕೊಳ್ಳದೆ ಹೋದರೆ ಗುಂಡಿಯನ್ನು ಒತ್ತಿ ಹಿಡಿದಷ್ಟು ಹೊತ್ತೂ ಬಲದ ಸುತ್ತಿನಲ್ಲಿ ಪೂರ್ಣ ಪ್ರವಾಹ ಹರಿದು ಸುರುಳಿ ಸುಟ್ಟುಹೋಗುತ್ತದೆ.

ಬೆಳಕಿನ ವಿಚಾರದಲ್ಲಿ ಪಕ್ಷ ಪ್ರತಿಪಕ್ಷಗಳು ಬಲವಾಗಿವೆ. ಹಳೆಯ ಯಂತ್ರಗಳಲ್ಲಿ ತಂತುವಿನ ಸಣ್ಣ ಬಲ್ಬುಗಳಿದ್ದವು. 44ನೆಯ ಸಂಖ್ಯೆಯ ಬಲ್ಬು 6.3 ವೋಲ್ಟಿನಲ್ಲಿ 0.25 ಆಂಪಿಯರನ್ನು, 47ನೆಯದು 0.15 ಆಂಪಿಯರನ್ನು ಎಳೆಯುತ್ತದೆ. ಮೇಲುನೋಟಕ್ಕೆ ಇದು ತೀರ ಅಲ್ಪ. ಆದರೆ 50 ಬಲ್ಬುಗಳು ಏಕಕಾಲದಲ್ಲಿ ಉರಿದರೆ ಮೊದಲನೆಯ ಬಗೆಯಲ್ಲಿ 12.5 ಆಂಪಿಯರ್, ಎರಡನೆಯದರಲ್ಲಿ 7.5 ಆಂಪಿಯರ್. ಇದೆಲ್ಲವೂ ಕೆಲವೇ ಜೋಡಣೆಗಳ ಮೂಲಕ ಹರಿಯಬೇಕು. ಹಳೆಯ ಯಂತ್ರಗಳಲ್ಲಿ ಈ ಜೋಡಣೆಗಳು ಸುಟ್ಟು ಕರಿದಾಗಿರುವುದನ್ನು ಮತ್ತೆ ಮತ್ತೆ ಕಾಣುತ್ತೇವೆ. ಹಿಂದಿನ ಗಾಜಿನ ಮೇಲೆ ಮುದ್ರಿಸಿದ ಬಣ್ಣ ಶಾಖಕ್ಕೆ ಸಿಕ್ಕಿ ಹೊಪ್ಪಳೆಯೇಳುವುದೂ ಉಂಟು. ಎಲ್‌ಇಡಿ ದೀಪ ಇದರ ಸಣ್ಣ ಪಾಲನ್ನಷ್ಟೇ ಎಳೆಯುತ್ತದೆ. ಆದುದರಿಂದ ಯಂತ್ರದ ಆಯುಸ್ಸಿನ ದೃಷ್ಟಿಯಿಂದ ಎಲ್‌ಇಡಿ ನಿಸ್ಸಂದೇಹವಾಗಿ ಒಳ್ಳೆಯ ಸಲಕರಣೆ.

ಹಾಗಿದ್ದರೆ ಆಕ್ಷೇಪಣೆ ಯಾವುದು? 1990ರ ದಶಕದ ಯಂತ್ರಗಳಲ್ಲಿ ಆಟದ ದೀಪಗಳನ್ನು ಎಂಟೆಂಟು ಅಡ್ಡ ಉದ್ದ ಸಾಲುಗಳ ಚೌಕವಾಗಿ ಕಟ್ಟಿ, ಒಂದೊಂದು ಸಾಲಿಗೆ ಸರದಿಯ ಮೇಲೆ ವಿದ್ಯುತ್ತು ಕೊಡುತ್ತಾರೆ. ಪ್ರತಿ ದೀಪಕ್ಕೂ ಕಾಲದ ಎಂಟನೆಯ ಒಂದು ಪಾಲು ಮಾತ್ರ ವಿದ್ಯುತ್ತು. ತಂತುವಿನ ಬಲ್ಬು ಬಿಸಿಯನ್ನು ಹಿಡಿದುಕೊಳ್ಳುವುದರಿಂದ ನಡುವಿನ ಬಿಡುವು ಕಣ್ಣಿಗೆ ಕಾಣುವುದಿಲ್ಲ, ದೀಪ ಮೆಲ್ಲನೆ ಹೊತ್ತಿ ಮೆಲ್ಲನೆ ಆರುತ್ತದೆ. ಎಲ್‌ಇಡಿಗೆ ಈ ನೆನಪಿಲ್ಲ. ವಿದ್ಯುತ್ತು ಬಂದಾಗ ಬೆಳಗಿ ಹೋದಾಗ ಆರುವ ಅದು ಮಿಣುಕುತ್ತದೆ. ದಾರಿ ತಪ್ಪಿ ಬಂದ ಅತ್ಯಲ್ಪ ವಿದ್ಯುತ್ತಿಗೂ ಉರಿಯಬಾರದ ದೀಪ ಮಂಕಾಗಿ ಉರಿಯುತ್ತದೆ. ಇದನ್ನು ತಡೆಯುವ ಅಂಗಗಳನ್ನು ಒಳಗೊಂಡ ದೀಪಗಳೂ, ಸರದಿಯನ್ನು ಸರಿಪಡಿಸುವ ಬೇರೆ ಹಲಗೆಗಳೂ ದೊರೆಯುತ್ತವೆ. ಅಗ್ಗದ ದೀಪಕ್ಕೂ ತುಟ್ಟಿ ದೀಪಕ್ಕೂ ಇರುವ ನಿಜವಾದ ಅಂತರ ಇಲ್ಲಿದೆಯೇ ಹೊರತು ‘ಅತಿ ಪ್ರಕಾಶ’ವೆಂಬ ಜಾಹೀರಾತಿನಲ್ಲಿಲ್ಲ. ಅತಿ ಪ್ರಕಾಶ ಎಷ್ಟೋ ವೇಳೆ ದೋಷವೇ: ಹಳದಿ ಬೆಳಕಿಗಾಗಿ ಬಣ್ಣ ಆರಿಸಿದ ಚಿತ್ರದ ಮೇಲೆ ನೀಲಿ ಛಾಯೆಯ ಬಿಳಿ ಬೆಳಕನ್ನು ಸುರಿದರೆ ಚಿತ್ರಕಾರನ ಶ್ರಮ ವ್ಯರ್ಥ, ಆಟಗಾರನ ಕಣ್ಣಿಗೂ ಚುಚ್ಚು.

ಗಾಜಿನ ವಿಷಯ ಸುಲಭ. ಸಾಮಾನ್ಯ ಯಂತ್ರದ ಮುಚ್ಚಳ 21 ಅಂಗುಲ ಅಗಲ, 43 ಅಂಗುಲ ಉದ್ದದ ಹದಗೊಳಿಸಿದ ಗಾಜು. ಸಾದಾ ಗಾಜಿನ ಎರಡು ಮೈಗಳೂ ಸೇರಿ ಬೆಳಕಿನ ನೂರಕ್ಕೆ ಸುಮಾರು 8 ಪಾಲನ್ನು ಹಿಂದಕ್ಕೆ ಎಸೆಯುತ್ತವೆ. ಲೇಪನವುಳ್ಳ ಪ್ರತಿಫಲನರಹಿತ ಗಾಜಿನಲ್ಲಿ ಇದು ಬಹಳ ಇಳಿಯುತ್ತದೆ. ದುಬಾರಿಯಾದರೂ ಕೊಟ್ಟ ಹಣಕ್ಕೆ ಕಣ್ಣೆದುರಿಗೇ ಫಲ ಕೊಡುವ, ಬೇಡವಾದರೆ ತೆಗೆದಿಡಬಹುದಾದ ವಸ್ತುವಿದು. ಹದಗೊಳಿಸದ ಗಾಜನ್ನು ಮಾತ್ರ ಎಷ್ಟು ಅಗ್ಗವಾದರೂ ಹಾಕಕೂಡದು. ಒಡೆದಾಗ ಕತ್ತಿಯಂಥ ಚೂರುಗಳಾಗುವ ಗಾಜಿನ ಮೇಲೆ ಜನ ಕೈಯೂರಿ ನಿಲ್ಲುತ್ತಾರೆ.

ಇಲ್ಲಿಂದ ಮುಂದೆ ವಿಶ್ವಾಸಗುಣದ ಪ್ರದೇಶ. ಅಲಂಕಾರದ ಪುತ್ಥಳಿಯೊಳಗೆ ದೀಪವಿದ್ದರೆ ಅದಕ್ಕೆ ವಿದ್ಯುತ್ತು ಬೇಕು. ಮಾರುವವನು ಮೊಸಳೆಬಾಯಿಯ ಚಿಮಟವೆರಡನ್ನು ಕೂಡಿಸಿ, ಹತ್ತಿರದ ಯಾವುದಾದರೂ ದೀಪಕ್ಕೆ ಕಚ್ಚಿಸಿರೆಂದು ಹೇಳುತ್ತಾನೆ. ಯಂತ್ರ ಆಡುವಾಗ ಅದುರುತ್ತಲೇ ಇರುತ್ತದೆ. 1990ರ ದಶಕದ ವಿಲಿಯಮ್ಸ್ ಯಂತ್ರಗಳಲ್ಲಿ ಸುರುಳಿಗಳ ವಿದ್ಯುತ್ತು ಸುಮಾರು 50 ವೋಲ್ಟ್, ಗಣಕಭಾಗದ್ದು 5 ವೋಲ್ಟ್. ಜಾರಿದ ಚಿಮಟ ಸುರುಳಿಯ ತಂತಿಯನ್ನೂ ಸ್ವಿಚ್ಚಿನ ತಂತಿಯನ್ನೂ ಒಮ್ಮೆ ಕೂಡಿಸಿತೆಂದರೆ ಆ 50 ವೋಲ್ಟು ಗಣಕದ ಹಲಗೆಗೆ ನುಗ್ಗಿ ಅಲ್ಲಿನ ಚಿಪ್ಪುಗಳನ್ನು ಕ್ಷಣದಲ್ಲಿ ಸುಡುತ್ತದೆ. ಬೊಂಬೆ ಎಷ್ಟು ಚೆಂದವಿದೆಯೆಂದು ನೋಡಿ ಕೊಂಡವನು ಅದರ ಬಾಲದ ತಂತಿಯನ್ನು ನೋಡಲಿಲ್ಲ. ಬೆಸುಗೆಯಿಂದಲೋ ಸರಿಯಾಗಿ ಅದುಮಿದ ಲೋಹದ ಪಿನ್ನುಗಳಿಂದಲೋ ಜೋಡಿಸಿ, ತನ್ನದೇ ಫ್ಯೂಸನ್ನೂ ಹೊಂದಿರುವ ಬೊಂಬೆಗೆ ಹತ್ತು ಡಾಲರು ಹೆಚ್ಚು ಕೊಟ್ಟರೆ ಅದು ದುಬಾರಿಯೆನ್ನಲಾಗದು. ಫ್ಯೂಸೂ ಹಾಗೆಯೇ. ನಿಯಮಿಸಿದುದಕ್ಕಿಂತ ಹೆಚ್ಚಿನ ಆಂಪಿಯರಿನದನ್ನು ಹಾಕಿ ‘ಸುಡುವ ಕಾಟ’ವನ್ನು ತಪ್ಪಿಸಿಕೊಂಡವನು, ಫ್ಯೂಸಿನ ಬದಲು ತಂತಿಗಳೇ ಸುಡುವಂತೆ ಏರ್ಪಾಡು ಮಾಡಿಕೊಂಡಿರುತ್ತಾನೆ. ಬೆಂಕಿಯ ಭಯ ಇಲ್ಲಿ ಅಲಂಕಾರದ ಮಾತಲ್ಲ, ಮನೆಯೊಳಗಿರುವ ಯಂತ್ರವಿದು.

ನಮ್ಮ ಅಭಿಪ್ರಾಯದಲ್ಲಿ ಈ ಇಡೀ ಪೇಟೆಯಲ್ಲಿ ಬೆಲೆಗೂ ಮೌಲ್ಯಕ್ಕೂ ಇರುವ ಅಂತರವನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸುವುದು ಬ್ಯಾಟರಿಯ ಸಂಗತಿ. 1970ರ ದಶಕದ ಕೊನೆಯಲ್ಲಿ ಬ್ಯಾಲಿ ಸಂಸ್ಥೆ ಗಣಕದ ಹಲಗೆಯ ಮೇಲೆಯೇ ನಿಕ್ಕೆಲ್-ಕ್ಯಾಡ್ಮಿಯಮ್ ಬ್ಯಾಟರಿಯನ್ನು ಬೆಸೆದಿತ್ತು. 1990ರ ದಶಕದ ವಿಲಿಯಮ್ಸ್ ಯಂತ್ರಗಳಲ್ಲಿ ಅದೇ ಕೆಲಸಕ್ಕೆ ಮೂರು ಸಾಧಾರಣ ಎಎ ಬ್ಯಾಟರಿಗಳಿದ್ದವು. ಯಂತ್ರವನ್ನು ಆರಿಸಿದಾಗ ಅಂಕಗಳ ದಾಖಲೆಯನ್ನೂ ಹೊಂದಾಣಿಕೆಗಳನ್ನೂ ನೆನಪಿನಲ್ಲಿಡುವುದು ಇವುಗಳ ಕರ್ತವ್ಯ. ಮುದಿಯಾದ ಬ್ಯಾಟರಿಯಿಂದ ಕ್ಷಾರ ಸೋರುತ್ತದೆ. ಅದು ಹಲಗೆಯ ತಾಮ್ರದ ಗೆರೆಗಳನ್ನು ತಿಂದು, ಚಿಪ್ಪುಗಳ ಕಾಲುಗಳನ್ನು ಹಸುರುಗಟ್ಟಿಸಿ, ಒಳಗೊಳಗೇ ಹಬ್ಬುತ್ತದೆ. ಹೊರಗೆ ಯಾವ ಲಕ್ಷಣವೂ ಇಲ್ಲ. ಯಂತ್ರ ಆಡುತ್ತಲೇ ಇರುತ್ತದೆ, ಒಂದು ದಿನ ಹೊತ್ತುವುದಿಲ್ಲ. ಪರಿಹಾರವೆಂದರೆ ಬ್ಯಾಟರಿಗಳನ್ನು ಹಲಗೆಯಿಂದ ದೂರವಿರಿಸುವ ತಂತಿ ಸಹಿತವಾದ ಪುಟ್ಟ ಪೆಟ್ಟಿಗೆ, ಇಲ್ಲವೆ ಬ್ಯಾಟರಿಯೇ ಬೇಡದ ಸ್ಮೃತಿಚಿಪ್ಪು. ಎರಡೂ ಕಿರೀಟದ ಬೊಂಬೆಯ ಬೆಲೆಯ ಒಂದು ಅಲ್ಪಾಂಶಕ್ಕೆ ದೊರೆಯುತ್ತವೆ. ಇದನ್ನು ಹಾಕಿಸಿದವನಿಗೆ ಕಾಣುವ ಫಲ ಏನೂ ಇಲ್ಲ. ನೆರೆಯವರನ್ನು ಕರೆದು ತೋರಿಸುವಂತಿಲ್ಲ, ಆಟದಲ್ಲಿ ಒಂದು ಅಂಕವೂ ಹೆಚ್ಚುವುದಿಲ್ಲ. ಫಲವೆಂದರೆ ಒಂದು ಅನರ್ಥ ನಡೆಯದಿರುವುದು. ನಡೆಯದುದಕ್ಕೆ ಬೆಲೆ ಕಟ್ಟುವುದು ಪೇಟೆಗೆ ಯಾವಾಗಲೂ ಕಷ್ಟ.

ಹೀಗೆ ನೋಡಿದರೆ ಸಲಕರಣೆಯನ್ನು ಅಳೆಯುವವನು ಸಾಮಾನ್ಯವಾಗಿ ಕೇಳುವ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕಾಗುತ್ತದೆ. ಇದು ಚೆನ್ನಾಗಿದ್ದರೆ ಏನು ಲಾಭ ಎಂಬುದಕ್ಕಿಂತ, ಇದು ಕೆಟ್ಟದ್ದಾಗಿದ್ದರೆ ಏನು ಹೋಗುತ್ತದೆ, ಹೋದುದನ್ನು ಮತ್ತೆ ತರಬಹುದೆ ಎಂಬುದು ಮೊದಲು ಬರಬೇಕು. ಕೆಟ್ಟ ಬಳೆಯನ್ನು ತೆಗೆದು ಬೇರೆ ಬಳೆ ತೊಡಿಸಬಹುದು. ಕೆಲವನ್ನು ತೆಗೆಯುವಂತಿಲ್ಲ. ಗುಂಡು ಉರುಳಿ ಉರುಳಿ ಚಿತ್ರ ಸವೆಯದಿರಲೆಂದು ಹಿಂದೆ ಹಲಗೆಗೆ ಮೈಲಾರ್ ಎಂಬ ಪಾರದರ್ಶಕ ಹಾಳೆಯನ್ನು ಅಂಟಿಸುತ್ತಿದ್ದರು. ಉದ್ದೇಶ ಒಳ್ಳೆಯದೇ, ಅದು ಚಿತ್ರವನ್ನು ಕಾಪಾಡಿತು ಕೂಡ. ವರ್ಷಗಳ ಮೇಲೆ ಹಾಳೆಯ ಅಂಚು ಎದ್ದು ಕೊಳೆ ಸೇರಿದಾಗ ಅದನ್ನು ಕೀಳಹೋದವರಿಗೆ ಅದರೊಡನೆ ಚಿತ್ರದ ಬಣ್ಣವೂ ಕಿತ್ತುಬಂದಿತು. ಈಗ ಅಂಟಿಲ್ಲದೆ ಸುಮ್ಮನೆ ಹಾಸುವ ಹಾಳೆಗಳು ಬಂದಿವೆ. ಅವುಗಳ ಕೆಳಗೆ ಧೂಳು ಸೇರುತ್ತದೆ, ಗುಂಡಿನ ಓಟ ಸ್ವಲ್ಪ ಬದಲಾಗುತ್ತದೆ. ಆದರೂ ತೆಗೆಯಬಹುದಾದುದರಿಂದ ಅವುಗಳ ದೋಷ ಸಹ್ಯ. ಪೆಟ್ಟಿಗೆಗೆ ರಂಧ್ರ ಕೊರೆಯಬೇಕಾದ ಯಾವ ಅಲಂಕಾರವನ್ನೂ ನಾವು ಶಿಫಾರಸು ಮಾಡಲಾರೆವು.

‘ಹಳೆಯ ದಾಸ್ತಾನಿನ ಹೊಸ ಸರಕು’ ಎಂಬ ಹೆಸರಿನಲ್ಲಿ, ಮೂಲ ತಯಾರಕನು ಮಾಡಿ ಎಂದೂ ಬಳಸದೆ ಉಳಿದ ಭಾಗಗಳು ಹೆಚ್ಚಿನ ಬೆಲೆಗೆ ಹೋಗುತ್ತವೆ. ಮೂಲ ಎಂಬ ಶಬ್ದದ ಮೋಹ ದೊಡ್ಡದು. ಲೋಹದ ಭಾಗಗಳಲ್ಲಿ ಈ ಮೋಹಕ್ಕೆ ಆಧಾರವುಂಟು. ಆದರೆ ರಬ್ಬರು ಪೊಟ್ಟಣದೊಳಗೇ ಗಡುಸಾಗುತ್ತದೆ, ಬಿರುಕುಬಿಡುತ್ತದೆ, ಪ್ಲಾಸ್ಟಿಕ್ಕು ಪೆಡಸಾಗುತ್ತದೆ. ನಲವತ್ತು ವರ್ಷ ಹಳೆಯ ‘ಹೊಸ’ ಬಳೆಗೆ ಹೆಚ್ಚು ಹಣ ಕೊಡುವವನು ರಬ್ಬರನ್ನು ಕೊಳ್ಳುತ್ತಿಲ್ಲ, ಅದರ ಪೊಟ್ಟಣವನ್ನು ಕೊಳ್ಳುತ್ತಿದ್ದಾನೆ. ಪೊಟ್ಟಣದ ಸಂಗ್ರಾಹಕನಿಗೆ ಅದೂ ಒಂದು ಮೌಲ್ಯವೇ; ಅದನ್ನು ಯಂತ್ರದ ಮೌಲ್ಯದೊಡನೆ ಬೆರಸಬಾರದು.

ಗುಂಡೂ ಒಂದು ಸಲಕರಣೆಯೆಂಬುದನ್ನು ಎಷ್ಟೋ ಜನ ಮರೆಯುತ್ತಾರೆ. ಕೆಲವೇ ಡಾಲರಿನ ಈ ವಸ್ತು ಗೀರುಬಿದ್ದರೆ ಹಲಗೆಯ ಮೇಲೆಲ್ಲ ಅರದಂತೆ ಓಡಾಡುತ್ತದೆ. ಮುಖ ಕಾಣುವಷ್ಟು ನುಣುಪು ಹೋದೊಡನೆ ಅದನ್ನು ಬದಲಿಸುವುದೇ ಹಲಗೆಗೆ ಮಾಡಬಹುದಾದ ಅತ್ಯಂತ ಅಗ್ಗದ ಉಪಚಾರ. ‘ದಿ ಆಡಮ್ಸ್ ಫ್ಯಾಮಿಲಿ’ಯಂತೆ ಹಲಗೆಯ ಕೆಳಗೆ ವಿದ್ಯುದಯಸ್ಕಾಂತಗಳುಳ್ಳ ಯಂತ್ರಗಳಲ್ಲಿ ಇನ್ನೊಂದು ತೊಡಕು: ಗುಂಡು ಬರಬರುತ್ತ ತಾನೇ ಅಯಸ್ಕಾಂತವಾಗಿ, ಗುಂಡುಗಳು ಒಂದಕ್ಕೊಂದು ಅಂಟಿಕೊಂಡು ತಮ್ಮ ಕಾಲುವೆಯಲ್ಲಿ ಸರಿಯಾಗಿ ಸರಿಯುವುದಿಲ್ಲ. ಹೊಳಪನ್ನು ನೋಡಿ ಗುಂಡನ್ನು ಆರಿಸಿದವನಿಗೆ ಈ ದೋಷ ತಿಂಗಳುಗಳ ಮೇಲೆ ತಿಳಿಯುತ್ತದೆ. ಬದಲಿಸುವ ಮುನ್ನ ಎರಡು ಗುಂಡುಗಳನ್ನು ತಾಕಿಸಿ ಒಂದನ್ನು ಎತ್ತಿ ನೋಡಿದರೆ ಸಾಕು, ಪರೀಕ್ಷೆ ಮುಗಿಯಿತು.

ಈ ಯಂತ್ರಗಳನ್ನು ಬಲ್ಲ ಸಂಗ್ರಾಹಕರಲ್ಲಿ ಒಂದು ಒಳ್ಳೆಯ ರೂಢಿಯಿದೆ. ಯಾವ ಭಾಗವನ್ನು ಬದಲಿಸಿದರೂ ಕಳಚಿದ ಮೂಲಭಾಗವನ್ನು ಎಸೆಯದೆ, ಚೀಲದಲ್ಲಿ ಹಾಕಿ, ಎಲ್ಲಿಂದ ತೆಗೆದದ್ದು, ಯಾವಾಗ ತೆಗೆದದ್ದು ಎಂದು ಚೀಟಿ ಬರೆದು, ಯಂತ್ರದ ಪೆಟ್ಟಿಗೆಯ ತಳದಲ್ಲಿಯೇ ಇಡುತ್ತಾರೆ. ಯಂತ್ರ ಕೈಬದಲಾಯಿಸುವಾಗ ಆ ಚೀಲವೂ ಜೊತೆಯಲ್ಲಿ ಹೋಗುತ್ತದೆ. ಕೊಳ್ಳಬಂದವನು ಕಿರೀಟದ ಬೊಂಬೆಯನ್ನು ನೋಡುವುದಕ್ಕಿಂತ ಮೊದಲು ನಾಣ್ಯದ ಬಾಗಿಲನ್ನು ತೆರೆದು ಆ ಚೀಲ ಅಲ್ಲಿದೆಯೇ ಎಂದು ಕೈಯಾಡಿಸಿ ನೋಡುವುದು ಲೇಸು. ಆಮೇಲೆ ಹಿಂಬದಿಯ ಫಲಕವನ್ನು ತೆರೆದು ಬ್ಯಾಟರಿಗಳು ಎಲ್ಲಿವೆಯೆಂದು ಕೇಳಬಹುದು.